ಹನ್ನೆರಡು ಖೋಲಿ ಖುಲ್ಲಾ

ಸುಜಾತಾ ಮೊದಲ ಸಲ ಶಹಾಬಾದಿನ ಮುಸಾಫಿರಖಾನೆಗೆ, ದಾರಿಹೋಕರು ತಂಗುವ ಹಳೆಯ ಛತ್ರಕ್ಕೆ, ಬಂದ ದಿನ ಅದನ್ನು ನೋಡಿಕೊಳ್ಳುವ ಬಾಬುಮಿಯಾ ಕೌದಿಗಳನ್ನು ಬಿಸಿಲಿಗೆ ಹಾಕಿದ್ದರು. ಎರಡು ವರ್ಷದ ಹಿಂದೆ, ಜನವರಿಯ ಕೊನೆಯ ಗುರುವಾರ ಅದು. ಹೊತ್ತು ಹನ್ನೊಂದರ ಸುಮಾರು. ಅಂಗಳದ ಮೋಟುಗೋಡೆಯ ಮೇಲೆ ಹದಿನಾಲ್ಕು ಕೌದಿಗಳನ್ನು ಸಾಲಾಗಿ ಹರವಿ, ಗಾಳಿಗೆ ಹಾರದಂತೆ ಒಂದೊಂದರ ಮೇಲೂ ಒಂದು ಫರಸಿ ಕಲ್ಲಿನ ಚೂರು ಇಟ್ಟು, ಅವರು ಕೋಲಿನಿಂದ ಧೂಳು ಬಡಿಯುತ್ತಿದ್ದರು. ವಾರಕ್ಕೊಮ್ಮೆ ಮಾಡುವ ಕೆಲಸ. ಆ ಕೌದಿಗಳನ್ನು ಯಾರೂ ಹೊದ್ದು ಹನ್ನೊಂದು ವರ್ಷವಾಗಿತ್ತು.

"ಯಾರಾರ ಅದಾರೇನ್ರಿ ಒಳಗ?"

ಬಾಬುಮಿಯಾ ತಿರುಗಿ ನೋಡಿದರು. ದೊಡ್ಡ ಬಾಗಿಲಿನ ಕಮಾನಿನ ಕೆಳಗೆ ಇಪ್ಪತ್ತೈದರ ಆಸುಪಾಸಿನ ಹುಡುಗಿ ನಿಂತಿದ್ದಳು. ಚೂಡಿದಾರದ ಮೇಲೆ ಗಂಡಸರ ಉದ್ದ ತೋಳಿನ ಅಂಗಿ, ಕೊರಳಲ್ಲಿ ಗುರುತಿನ ಚೀಟಿ, ಕಂಕುಳಲ್ಲಿ ಫೈಲು, ಕೈಯಲ್ಲಿ ಅಳತೆಯ ಟೇಪು. ಅಂಗಳಕ್ಕೆ ಕಾಲಿಡುವ ಮೊದಲು ಅವಳು ಚಪ್ಪಲಿಗಳನ್ನು ಬಿಚ್ಚಿ ಬಾಗಿಲ ಪಕ್ಕಕ್ಕೆ ಜೋಡಿಸಿ ಇಟ್ಟಳು.

"ಹಾಕ್ಕೊಂಡ ಬರ್ರಿ ಮೇಡಂ. ಇಲ್ಲಿ ಯಾರೂ ಬಿಡಂಗಿಲ್ಲ."

"ಇರ್ಲಿ ಬಿಡ್ರಿ ಚಾಚಾ, ರೂಢಿ ಅದ." ಅವಳು ಕೌದಿಗಳ ಕಡೆ ನೋಡಿದಳು. "ಭಾಳ ಮಂದಿ ಇದ್ದಂಗ ಅದಲ್ಲರಿ?"

"ಮಂದಿ ಒಬ್ಬನ. ಕೌದಿ ಹದಿನಾಕು."

ಅವಳು ನಕ್ಕಳು. ಬಾಬುಮಿಯಾ ನಗಿಸಲಿಕ್ಕೆ ಹೇಳಿದ್ದಲ್ಲ. ಆದರೂ ಆ ಅಂಗಳದಲ್ಲಿ ಬೇರೆಯವರ ನಗು ಕೇಳಿ ಬಹಳ ದಿನವಾಗಿದ್ದರಿಂದ ತಾವೂ ನಕ್ಕರು. ಒಳಗೆ ಹೋಗಿ ಮಣ್ಣಿನ ಹೂಜಿಯಿಂದ ತಂಬಿಗೆಗೆ ನೀರು ಬಗ್ಗಿಸಿ ತಂದುಕೊಟ್ಟರು. ಅವಳು ಕುಡಿದು ಮುಗಿಸುವ ತನಕ ಸುಮ್ಮನಿದ್ದು, ಆಮೇಲೆ ಕೇಳಿದರು: "ಯಾವ ಊರು? ಎಲ್ಲಿಗೆ ಹೊಂಟೀರಿ? ಎಷ್ಟು ದಿನ ಇರ್ತೀರಿ?"

ಆ ಮೂರು ಪ್ರಶ್ನೆಗಳು ಅವರ ಬಾಯಿಂದ ತಾವಾಗಿಯೇ ಬರುತ್ತಿದ್ದವು. ಮುಸಾಫಿರಖಾನೆಯ ವಹಿ ನೋಡುತ್ತಿದ್ದ ಹಳೆಯ ಮುನ್ಶಿ ಅಬ್ದುಲ್ ಮಜೀದರು ಕಲಿಸಿದ್ದು ಹಾಗೆ. ಮೊದಲು ನೀರು, ಆಮೇಲೆ ಪ್ರಶ್ನೆ. ಮೂರೇ ಪ್ರಶ್ನೆ, ನಾಲ್ಕನೆಯದು ಕೇಳಬಾರದು. ಯಾಕೆ ಹೊರಟಿದ್ದೀರಿ ಎಂದು ಕೇಳುವ ಹಕ್ಕು ನಮಗಿಲ್ಲ ಎನ್ನುತ್ತಿದ್ದರು ಮುನ್ಶಿ.

"ಊರು ಇಲ್ಲೇ ಭಂಕೂರ. ಎಲ್ಲಿಗೂ ಹೊಂಟಿಲ್ರಿ, ಅಳೀಲಿಕ್ಕೆ ಬಂದೀನಿ. ಕಮಿಟಿಯವರು ಕಳಿಸ್ಯಾರ. ನಾ ಕಲಬುರಗಿಯಾಗ ಇಂಜಿನಿಯರ್ ಆಫೀಸಿನಾಗ ಕೆಲಸ ಮಾಡಾಕತ್ತೀನಿ, ಸುಜಾತಾ ಅಂತ ನನ್ನ ಹೆಸರು."

ಕಮಿಟಿ ಎಂಬ ಮಾತು ಕೇಳಿ ಬಾಬುಮಿಯಾ ಕೋಲನ್ನು ಗೋಡೆಗೆ ಒರಗಿಸಿದರು. ಮುಸಾಫಿರಖಾನೆಯನ್ನು ನೂರು ವರ್ಷದ ಹಿಂದೆ ಒಬ್ಬ ಕಲ್ಲಿನ ವ್ಯಾಪಾರಿ ಕಟ್ಟಿಸಿದ್ದ. ಅವನ ಮೊಮ್ಮಕ್ಕಳು ಮರಿಮಕ್ಕಳು ಸೇರಿದ್ದೇ ಕಮಿಟಿ. ಅವರೆಲ್ಲ ದೊಡ್ಡ ಊರುಗಳಲ್ಲಿದ್ದರು. ಹನ್ನೊಂದು ವರ್ಷದ ಹಿಂದಿನ ಮಳೆಗಾಲದಲ್ಲಿ ಮೂಡಣ ಪಡಸಾಲೆಯ ಛಾವಣಿ ಕುಸಿದಾಗ ಒಬ್ಬರು ಬಂದು, ರಿಪೇರಿ ಆಗುವ ತನಕ ಖೋಲಿಗಳಿಗೆ ಬೀಗ ಹಾಕಿಡು ಎಂದು ಹೇಳಿ ಹೋಗಿದ್ದರು. ರಿಪೇರಿ ಆಗಲಿಲ್ಲ. ಬೀಗ ತೆಗೆ ಎಂದೂ ಯಾರೂ ಹೇಳಲಿಲ್ಲ. ಬಾಬುಮಿಯಾ ಬೀಗದ ಕೈಗಳ ಗೊಂಚಲನ್ನು ಸೊಂಟಕ್ಕೆ ಕಟ್ಟಿಕೊಂಡು ಕಾಯುತ್ತಿದ್ದರು.

ಸುಜಾತಾ ಟೇಪಿನ ತುದಿಯನ್ನು ಅವರ ಕೈಗೆ ಕೊಟ್ಟಳು. ಇಬ್ಬರೂ ಸೇರಿ ಅಂಗಳ ಅಳೆದರು, ಬಾವಿಯ ಸುತ್ತ ಅಳೆದರು, ಕಮಾನಿನ ಅಗಲ ಅಳೆದರು. ಗೋಡೆಯ ದಪ್ಪ ಎರಡೂವರೆ ಅಡಿ ಬಂದಾಗ ಅವಳು "ಎಲಾ ಇವನ!" ಎಂದಳು. ಬಾಬುಮಿಯಾ ಹೆಮ್ಮೆಯಿಂದ, "ಬ್ಯಾಸಗ್ಯಾಗ ಇಲ್ಲಿ ಫ್ಯಾನ್ ಬೇಕಾಗಿರ್ಲಿಲ್ಲ" ಎಂದರು. ಯಾವ ಖೋಲಿಯಲ್ಲಿ ಗಾಳಿ ಚೆನ್ನಾಗಿ ಬರುತ್ತದೆ, ಸೇಡಂ ಕಡೆಯ ತೊಗರಿ ವ್ಯಾಪಾರಿಗಳು ಯಾವ ಖೋಲಿ ಕೇಳುತ್ತಿದ್ದರು, ಎಲ್ಲ ಹೇಳಿದರು. ಅವಳು ಬರೆದುಕೊಂಡದ್ದು ಅಂಕಿಗಳನ್ನು ಮಾತ್ರ. ಆದರೆ ಮಾತು ಮುಗಿಯುವ ತನಕ ಕೇಳುತ್ತಿದ್ದಳು.

ಹೊರಡುವಾಗ ಫೈಲಿನಿಂದ ಒಂದು ಕಾಗದ ತೆಗೆದು, ಅದನ್ನು ತಾನೇ ಒಮ್ಮೆ ಓದಿಕೊಂಡಳು. ಕೊಡಲು ಚಾಚಿದ ಕೈಯನ್ನು ಹಿಂದಕ್ಕೆ ತಂದಳು.

"ಚಾಚಾ, ಕನ್ನಡ ಓದ್ಲಿಕ್ಕೆ ಬರ್ತದೇನ್ರಿ?"

"ಉರ್ದು ಓದ್ತೀನಿ. ಕನ್ನಡ ಮಾತಷ್ಟ."

ಅವಳು ಮತ್ತೊಮ್ಮೆ ಕಾಗದ ನೋಡಿದಳು. ಸರಿಯಾದ ಮಾತಿಗಾಗಿ ಹುಡುಕುವವಳಂತೆ ಸ್ವಲ್ಪ ಹೊತ್ತು ನಿಂತಳು.

"ಬರೋ ಹನ್ನೆರಡನೇ ತಾರೀಖು, ಸೋಮವಾರ. ಅಷ್ಟರಾಗ ಎಲ್ಲಾ ಖುಲ್ಲಾ ಮಾಡಿ ಇಡ್ರಿ ಚಾಚಾ."

"ಖುಲ್ಲಾ?"

"ಹೂಂ ರಿ. ಖುಲ್ಲಾ."

"ಪೂರಾ? ಹನ್ನೆರಡೂ ಖೋಲಿ?"

"ಪೂರಾ ರಿ. ಹನ್ನೆರಡೂ."

ಬಾಬುಮಿಯಾ ಬಲಗೈಯನ್ನು ಎದೆಗೆ ಒತ್ತಿಕೊಂಡರು. "ಶುಕ್ರಿಯಾ ಬೇಟಿ," ಎಂದರು. ಇಷ್ಟು ಹೊತ್ತು ಮೇಡಂ ಎನ್ನುತ್ತಿದ್ದವರು ಆಗ ಬೇಟಿ ಎಂದರು. ಹುಡುಗಿಯ ಮುಖ ಯಾಕೋ ಸಣ್ಣದಾಯಿತು. ಅವಳು ಅವರ ಕಣ್ಣು ತಪ್ಪಿಸಿ, ಕಾಗದವನ್ನು ಕೊಟ್ಟು, ಚಪ್ಪಲಿ ಮೆಟ್ಟಿ ಹೊರಟುಹೋದಳು. ಬಿಸಿಲಿಗೆ ದಣಿದಿದ್ದಾಳೆ ಎಂದುಕೊಂಡರು ಬಾಬುಮಿಯಾ.

ಕಾಗದ ತೆಗೆದುಕೊಂಡು ಅವರು ನೇರ ಎದುರಿನ ಪಂಕ್ಚರ್ ಅಂಗಡಿಗೆ ಹೋದರು. ಅಂಗಡಿಯ ಕಲ್ಯಾಣಪ್ಪ ಮೂವತ್ತು ವರ್ಷದಿಂದ ಅವರ ಗೆಳೆಯ. ಕೈಯ ಎಣ್ಣೆಯನ್ನು ಅರಿವೆಗೆ ಒರೆಸಿ, ಕನ್ನಡಕ ಹುಡುಕಿ ಹಾಕಿಕೊಂಡು, ಅವನು ಒಂದೊಂದೇ ಅಕ್ಷರ ಹಿಡಿದು ಓದಿದ.

"ಸದರಿ ಸ್ವತ್ತನ್ನು... ದಿನಾಂಕ ಹನ್ನೆರಡರ ಒಳಗಾಗಿ... ತೆ-ರ-ವು-ಗೊ-ಳಿ-ಸ-ತಕ್ಕದ್ದು." ತಲೆ ಎತ್ತಿದ. "ತೆರವು. ತೆರಿಯೋದು ಅಂದಂಗ ಆಯ್ತು. ಬಾಗಲಾ ತೆರಿಬೇಕು ಅಂತ ಬರ್ದಾರ."

"ಆ ಹುಡುಗಿನೂ ಅದ ಹೇಳಿದ್ಳು. ಖುಲ್ಲಾ ಮಾಡ್ರಿ ಅಂತ."

"ಮತ್ತೇನು! ಬಾಯಿಲೆ ಹೇಳ್ಯಾರ, ಕಾಗದದಾಗೂ ಕೊಟ್ಟಾರ. ಏ ಮಿಯಾ, ನಿನ್ನ ದಿನ ಬಂತು ನೋಡು. ಹನ್ನೊಂದು ವರ್ಷ ಭೂತದಂಗ ಕುಂತಿದ್ದಿ ಒಳಗ."

"ಭೂತಕ್ಕ ಇಷ್ಟು ಕೌದಿ ಇರ್ತಾವೇನು?" ಎಂದು ಬಾಬುಮಿಯಾ ನಕ್ಕರು.

ಬಾಬುಮಿಯಾ ಹುಟ್ಟಿದ್ದು ಚಿತ್ತಾಪುರದಲ್ಲಿ. ಹತ್ತೊಂಬತ್ತನೆಯ ವಯಸ್ಸಿಗೆ ಶಹಾಬಾದಿಗೆ ಬಂದದ್ದು ಕಲ್ಲಿನ ಖಣಿಯಲ್ಲಿ ಕೆಲಸ ಸಿಗುತ್ತದೆಂದು. ಮೊದಲ ರಾತ್ರಿ ತಂಗಿದ್ದು ಇದೇ ಮುಸಾಫಿರಖಾನೆಯಲ್ಲಿ. ಬೆಳಿಗ್ಗೆ ಎದ್ದು, ಯಾರೂ ಹೇಳದಿದ್ದರೂ ಅಂಗಳ ಗುಡಿಸಿ ಬಾವಿಯಿಂದ ಎರಡು ಕೊಡ ನೀರು ಸೇದಿಟ್ಟರಂತೆ. ಮುನ್ಶಿ ಮಜೀದರು ನೋಡಿ, "ಖಣಿಗೆ ನಾಳೆ ಹೋಗು" ಎಂದರಂತೆ. ಆ ನಾಳೆ ಬರಲೇ ಇಲ್ಲ. ಮದುವೆಯ ಮಾತು ಎರಡು ಸಲ ಬಂತು. ಒಂದು ಸಲ ಹುಡುಗಿಯ ಕಡೆಯವರು ಮನೆ ಎಲ್ಲಿ ಎಂದು ಕೇಳಿದರು, ಬಾಬುಮಿಯಾ ಮುಸಾಫಿರಖಾನೆ ತೋರಿಸಿದರು, ಅಲ್ಲಿಗೇ ಮುಗಿಯಿತು. ಇನ್ನೊಂದು ಸಲ ಅವರೇ ಬೇಡವೆಂದರು. ಯಾಕೆಂದು ಯಾರಿಗೂ ಹೇಳಿಲ್ಲ.

ದಿನಾ ಹತ್ತು ಹದಿನೈದು ಮಂದಿ ಬರುತ್ತಿದ್ದ ಕಾಲ ಅದು. ರೈಲುಗಾಡಿ ತಪ್ಪಿಸಿಕೊಂಡವರು, ಸಿಮೆಂಟ್ ಕಾರ್ಖಾನೆಯ ಕೆಲಸ ಕೇಳಿಕೊಂಡು ಬಂದವರು, ಫರಸಿ ಕೊಳ್ಳಲು ಬಂದವರು, ಚಿಂಚೋಳಿ ಕಡೆಯಿಂದ ರೋಗಿಗಳನ್ನು ಕರೆತಂದವರು. ಒಂದು ರಾತ್ರಿ, ಹೆಚ್ಚೆಂದರೆ ಮೂರು ರಾತ್ರಿ. ಬಾಬುಮಿಯಾ ಅವರೊಡನೆ ಬೀಡಿ ಸೇದುತ್ತಿದ್ದರು, ಅವರ ಮಕ್ಕಳನ್ನು ಎತ್ತಿಕೊಳ್ಳುತ್ತಿದ್ದರು, ಬೆಳಿಗ್ಗೆ ಸ್ಟೇಷನ್ನಿಗೆ ಅವರ ಗಂಟು ಹೊತ್ತು ಹೋಗಿ ಬಿಟ್ಟು ಬರುತ್ತಿದ್ದರು. ಎರಡನೆಯ ಸಲ ಬಂದವರು ಅವರ ಹೆಸರು ಹಿಡಿದು ಕರೆದರೆ ಆ ದಿನವೆಲ್ಲ ಅವರಿಗೆ ಹಬ್ಬ. ಒಂದು ಸಂಸಾರದಿಂದ ಸಿಗುವುದನ್ನು ಅವರು ಹೀಗೆ ಚೂರುಚೂರಾಗಿ ಸಾವಿರಾರು ಜನರಿಂದ ಪಡೆದರು. ಖೋಲಿಗಳಿಗೆ ಬೀಗ ಬಿದ್ದ ಮೇಲೆ ಅದೂ ನಿಂತಿತು. ಹತ್ತಿರದ ವಾಡಿ ಊರಿನಲ್ಲಿ ತಂಗಿ ರಶೀದಾಬೇಗಂ ಇದ್ದಳು. ಬಂದು ನಮ್ಮ ಮನೆಯಲ್ಲಿರು ಎಂದು ಹಬ್ಬಕ್ಕೊಮ್ಮೆ ಕರೆಯುತ್ತಿದ್ದಳು. "ಖುಲ್ಲಾ ಆದಾಗ ಇಲ್ಲಿ ಯಾರೂ ಇಲ್ಲಂದ್ರ ಹ್ಯಾಂಗ?" ಎನ್ನುತ್ತಿದ್ದರು ಬಾಬುಮಿಯಾ.

ಈಗ ಹದಿನೆಂಟು ದಿನ ಸಿಕ್ಕಿತ್ತು. ಹನ್ನೆರಡು ಬೀಗಗಳಲ್ಲಿ ಏಳಕ್ಕೆ ಕೈ ತಿರುಗಲಿಲ್ಲ. ಕಲ್ಯಾಣಪ್ಪನ ಅಂಗಡಿಯಿಂದ ಎಣ್ಣೆ ತಂದು ಹನಿ ಹನಿ ಹಾಕಿ, ರಾತ್ರಿಯಿಡೀ ಹಾಗೇ ಬಿಟ್ಟು ಬೆಳಿಗ್ಗೆ ತಿರುಗಿಸಿದರು. ಐದು ತೆರೆದವು, ಎರಡನ್ನು ಒಡೆಯಬೇಕಾಯಿತು. ಖೋಲಿಗಳೊಳಗೆ ಪಾರಿವಾಳದ ಹಿಕ್ಕೆ ಮೊಣಕಾಲ ಮಟ್ಟಕ್ಕಿತ್ತು. ಅದನ್ನು ಬುಟ್ಟಿಯಲ್ಲಿ ಹೊತ್ತು ಹಾಕಿದರು. ನೆಲದ ಫರಸಿಗಳನ್ನು ಇಟ್ಟಿಗೆಯ ಪುಡಿ ಹಾಕಿ ಉಜ್ಜಿದಾಗ ಕೆಳಗಿನ ಬೂದು ಬಣ್ಣ, ಮತ್ತೂ ಉಜ್ಜಿದಾಗ ಬೂದು ಬಣ್ಣದೊಳಗಿನ ತುಸು ನೀಲಿ ಮೇಲೆ ಬಂತು. ಸುಣ್ಣ ತಂದು ಬಕೆಟ್ಟಿನಲ್ಲಿ ಕದಡಿ ಗೋಡೆಗಳಿಗೆ ಹಚ್ಚಿದರು. ಕುಸಿದ ಪಡಸಾಲೆಯ ಕಡೆ ಯಾರೂ ಹೋಗದಂತೆ ಹಗ್ಗ ಕಟ್ಟಿದರು. ಮುಸಾಫಿರಖಾನೆಯ ಮುಂದೆ ಕಾಯಿಪಲ್ಯ ಮಾರುವ ಮಾಳಮ್ಮ ದಿನಾ ಬಾಗಿಲಲ್ಲಿ ಇಣುಕುತ್ತಿದ್ದಳು.

"ಏನ್ ಬಾಬುಭಾಯಿ, ಈ ವಯಸ್ಸಿನಾಗ ನಿಕಾ ಮಾಡ್ಕೊಳಾಕತ್ತೀರೇನ್ರಿ? ಗ್ವಾಡಿಗೆ ಸುಣ್ಣ, ಮೀಸಿಗೂ ಸುಣ್ಣ!"

"ಹೆಣ್ಣು ನೀನ ನೋಡು ಮಾಳಮ್ಮ. ಕೌದಿ ಹೊಲೀಲಿಕ್ಕೆ ಬರ್ಬೇಕು, ಅಷ್ಟ."

"ಹದಿನಾಕು ಕೌದಿ ಒಗಿಬೇಕಂದ್ರ ಯಾಕಿ ಬರ್ತಾಳ? ನಾನಂತೂ ಒಲ್ಲೆ!"

ಮಾಳಮ್ಮನ ನಗು ಬಜಾರಿನ ತಿರುವಿನ ತನಕ ಕೇಳುತ್ತಿತ್ತು. ಹರಿದ ನಾಲ್ಕು ಕೌದಿಗಳನ್ನು ಮಾತ್ರ ಅವಳೇ ಒಯ್ದು ಹೊಲಿದು ತಂದುಕೊಟ್ಟಳು.

ಹನ್ನೊಂದನೇ ತಾರೀಖು ರವಿವಾರ ಸಂಜೆ ಬಾಬುಮಿಯಾ ಸ್ಟೇಷನ್ ಕಡೆ ಸುಮ್ಮನೆ ಹೋದರು. ಸುಮ್ಮನೆ ಎಂದು ಆಮೇಲೆ ಹೇಳುತ್ತಿದ್ದರು. ಪ್ಲಾಟ್‌ಫಾರ್ಮಿನ ಹೊರಗೆ ಒಬ್ಬ ಮುದುಕ, ಒಬ್ಬ ಮುದುಕಿ ಗಂಟಿನ ಮೇಲೆ ಕೂತಿದ್ದರು. ಬಸ್ಸು ತಡವಾಗಿ ಗಾಡಿ ತಪ್ಪಿತ್ತು. ಮುಂದಿನದು ಮರುದಿನ ಮಧ್ಯಾಹ್ನಕ್ಕೆ. ಬಾಬುಮಿಯಾ ಅಷ್ಟು ಕೇಳಿದವರೇ ಅವರ ಗಂಟು ಎತ್ತಿಕೊಂಡರು. ಮುದುಕಿ ಗಾಬರಿಯಾಗಿ, "ಏ ಏ, ಎಲ್ಲಿಗೆ ಒಯ್ತಿಯೋ ಯಪ್ಪಾ!" ಎಂದು ಕೂಗಿದಳು.

ಅಂಗಳದಲ್ಲಿ ನೀರು ಕೊಟ್ಟ ಮೇಲೆ ಮೂರು ಪ್ರಶ್ನೆ ಕೇಳಿದರು. ಊರು ಚಿಂಚೋಳಿ ಕಡೆಯ ಚಂದಾಪುರದ ಹತ್ತಿರದ ಹಳ್ಳಿ. ಹೊರಟದ್ದು ಸೊಲ್ಲಾಪುರಕ್ಕೆ. ಒಂದು ರಾತ್ರಿ. ಹೆಸರು ಅಯ್ಯಪ್ಪ, ಹೆಂಡತಿ ಸಾಬಮ್ಮ. ಬಾಬುಮಿಯಾ ಅದನ್ನೆಲ್ಲ ಮುನ್ಶಿಯವರ ಹಳೆಯ ವಹಿಯಲ್ಲಿ ಉರ್ದುವಿನಲ್ಲಿ ಬರೆದರು. ಹನ್ನೊಂದು ವರ್ಷದ ಹಿಂದಿನ ಹೆಸರಿನ ಕೆಳಗೇ ಬರೆದರು, ನಡುವೆ ಜಾಗ ಬಿಡಲಿಲ್ಲ. ಗಾಳಿ ಚೆನ್ನಾಗಿ ಬರುವ ಮೂರನೆಯ ಖೋಲಿ ಕೊಟ್ಟರು. ಸಾಬಮ್ಮ ಕೌದಿಯನ್ನು ಮೂಸಿ ನೋಡಿ, "ಬಿಸಲ ವಾಸನಿ ಅದ" ಎಂದಳು.

ಸೋಮವಾರ ಬೆಳಿಗ್ಗೆ ಕಲ್ಯಾಣಪ್ಪ ದೊಡ್ಡ ಬಾಗಿಲಿಗೆ ಮಾವಿನ ತೋರಣ ಕಟ್ಟಿದ. ಬಜಾರಿನ ಏಳೆಂಟು ಜನ ಅಂಗಳದಲ್ಲಿ ನಿಂತು ಚಹಾ ಕುಡಿಯುತ್ತಿದ್ದರು. ಹನ್ನೆರಡು ಖೋಲಿಗಳ ಬಾಗಿಲೂ ತೆರೆದಿದ್ದವು. ಒಂಬತ್ತೂವರೆಗೆ ಸುಜಾತಾ ಸ್ಕೂಟಿಯಿಂದ ಇಳಿದು ಕಮಾನಿನ ಕೆಳಗೆ ಬಂದವಳು ಅಲ್ಲಿಯೇ ನಿಂತಳು.

"ಚಾಚಾ, ಇದೇನ್ರಿ?"

"ಬಾ ಬೇಟಿ, ಚಹಾ ಕುಡಿ. ನೋಡು, ನೀ ಹೇಳ್ದಂಗ ಹನ್ನೆರಡೂ ಖೋಲಿ ಖುಲ್ಲಾ. ಒಂದರಾಗ ಮುಸಾಫಿರ್ ಮಂದಿನೂ ಬಂದಾರ."

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಹಿಂದೆ, ರಸ್ತೆಯಲ್ಲಿ, ಹಳದಿ ಜೆಸಿಬಿ ಬಂದು ನಿಂತಿತು. ಅದರ ಹಿಂದಿನ ಜೀಪಿನಿಂದ ಗುತ್ತಿಗೆದಾರನ ಮನುಷ್ಯ ದಿಲೀಪ ಇಳಿದ. ಒಳಗೆ ನೋಡಿ ಹಣೆ ಹಿಡಿದುಕೊಂಡ.

"ಏನ್ ಚಾಚಾ! ಖುಲ್ಲಾ ಮಾಡ್ಲಿಕ್ಕೆ ಹದಿನೆಂಟು ದಿನ ಕೊಟ್ಟಿದ್ವಲ್ಲೋ! ಇನ್ನಾ ಎಲ್ಲಾ ಸಾಮಾನು ಹಂಗ ಅದಾವ?"

"ಖುಲ್ಲಾ ಮಾಡೀನಲ್ಲಪ್ಪ," ಎಂದರು ಬಾಬುಮಿಯಾ.

ಸುಜಾತಾ ಹತ್ತಿರ ಬಂದಳು. ಅವಳ ದನಿ ಸಣ್ಣಗಿತ್ತು. "ಖುಲ್ಲಾ ಅಂದ್ರ ನಾ ಖಾಲಿ ಅಂದಿದ್ದೆ ಚಾಚಾ. ಖಾಲಿ ಮಾಡಿ ಬಿಟ್ಟುಕೊಡ್ರಿ ಅಂತ. ಇವತ್ತು ಕೆಡವಲಿಕ್ಕೆ ಬರ್ತಾರ ಅಂತ."

ಕಲ್ಯಾಣಪ್ಪ ಕಿಸೆಯಿಂದ ಆ ಕಾಗದ ತೆಗೆದ. ಇಷ್ಟು ದಿನ ಅವನೇ ಅದನ್ನು ಕಂಡಕಂಡವರಿಗೆ ತೋರಿಸುತ್ತಿದ್ದ. "ಇದರಾಗ ತೆರಿಬೇಕು ಅಂತ ಬರ್ದದಲ್ಲರಿ?"

"ತೆರವು ಅಂದ್ರನೂ ಅದರಿ. ಖಾಲಿ ಮಾಡಿ ಕೊಡೋದು."

"ನಾ ನಾಕನೇ ಇಯತ್ತೆ ತನಕ ಓದಿದಾಂವ," ಎಂದು ಕಲ್ಯಾಣಪ್ಪ ಯಾರಿಗೂ ಅಲ್ಲದಂತೆ ಹೇಳಿ, ಕಾಗದವನ್ನು ಮಡಿಚುತ್ತ ಮಡಿಚುತ್ತ ಬೆರಳಿನಷ್ಟು ಚಿಕ್ಕದು ಮಾಡಿದ.

ಬಾಬುಮಿಯಾ ಸುಜಾತಾಳನ್ನು ಕೇಳಿದರು: "ನಿಮ್ಮೂರಾಗ ಖುಲ್ಲಾ ಅಂದ್ರ ಖಾಲಿ ಅಂತಾರೇನು ಬೇಟಿ?"

"ಖುಲ್ಲಾ ಜಾಗಾ ಅಂತೀವಲ್ಲರಿ. ಏನೂ ಇಲ್ಲದ ಜಾಗಾ. ತೆರವು ಅಂದ್ರ ನಿಮಗ ತಿಳಿತದೋ ಇಲ್ಲೋ ಅಂತ ನಿಮ್ಮ ಮಾತಿನಾಗ ಹೇಳ್ದೆ." ಅವಳ ಕಣ್ಣು ತುಂಬಿದ್ದವು. "ಆವತ್ತು ನೀವು ಶುಕ್ರಿಯಾ ಅಂದಾಗನ ಕೇಳ್ಬೇಕಿತ್ತು ನಾ. ಕೇಳ್ಲಿಲ್ಲ."

ಬಾಬುಮಿಯಾಗೆ ಆ ಕ್ಷಣ ಕಟ್ಟಡದ ಚಿಂತೆಗಿಂತ ನಾಚಿಕೆ ಹೆಚ್ಚಾಗಿತ್ತು. ಬಜಾರಿನವರು ಚಹಾದ ಲೋಟಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದು ನಿಂತಿದ್ದರು. ಮೂರನೆಯ ಖೋಲಿಯ ಬಾಗಿಲಲ್ಲಿ ಅಯ್ಯಪ್ಪ, ಸಾಬಮ್ಮ ಬಂದು ನಿಂತಿದ್ದರು. ಜೆಸಿಬಿಯ ಸದ್ದಿಗೆ ಎದ್ದು ಬಂದದ್ದು. ಅವರಿಗೆ ಹೇಳಬೇಕಾದವರು ತಾವೇ ಎಂದು ಬಾಬುಮಿಯಾಗೆ ತಿಳಿದಿತ್ತು. ನಲವತ್ತನಾಲ್ಕು ವರ್ಷದಲ್ಲಿ ಯಾರಿಗೂ ಅವರು ಆ ಬಾಗಿಲಿಂದ ಎದ್ದು ಹೋಗಿ ಎಂದಿರಲಿಲ್ಲ. ಕುಡಿದು ಬಂದವರಿಗೂ ಅಂದಿರಲಿಲ್ಲ.

"ಯಪ್ಪಾ, ಇಲ್ಲಿಂದ ಏಳ್ಬೇಕಾಗ್ಯದ," ಎಂದರು.

ಸಾಬಮ್ಮ ಸೆರಗು ಸರಿಮಾಡಿಕೊಂಡು ಕೇಳಿದಳು: "ನಮ್ಮಿಂದ ಏನಾರ ತಪ್ಪಾತೇನೋ ಯಪ್ಪಾ?"

"ಇಲ್ಲವ್ವ. ನನ್ನಿಂದ ಆಗ್ಯದ."

ಅವರು ಮುದುಕರ ಗಂಟು ಹೊತ್ತು ಸ್ಟೇಷನ್ನಿಗೆ ಹೋದರು. ಗಾಡಿ ಬರುವ ತನಕ ಅಲ್ಲಿಯೇ ಕೂತರು. ಅವರನ್ನು ಹತ್ತಿಸಿ ಹಿಂತಿರುಗುವಾಗ ಹೊತ್ತು ಎರಡಾಗಿತ್ತು. ಕೌದಿಗಳನ್ನು, ವಹಿಯನ್ನು, ಹೂಜಿಯನ್ನು ಸುಜಾತಾ ಮತ್ತು ಮಾಳಮ್ಮ ಹೊರಗೆ ತಂದು ಕಲ್ಯಾಣಪ್ಪನ ಅಂಗಡಿಯಲ್ಲಿಟ್ಟಿದ್ದರು. ಬಾಬುಮಿಯಾ ಸೊಂಟದ ಗೊಂಚಲನ್ನು ಬಿಚ್ಚಿ ದಿಲೀಪನ ಮುಂದೆ ಹಿಡಿದರು.

"ಬೀಗದ ಕೈ ಯಾತಕ್ಕ ಚಾಚಾ? ಗ್ವಾಡಿನ ಇರಂಗಿಲ್ಲ," ಎಂದ ದಿಲೀಪ. ಕೆಟ್ಟ ಮನುಷ್ಯನಲ್ಲ ಅವನು. ಅಂದ ಮೇಲೆ ತನಗೇ ಕಸಿವಿಸಿಯಾಗಿ, "ತಗೊಂಡ ಹೋಗ್ರಿ, ನಿಮ್ಮ ಹಂತ್ಯಾಕ ಇರ್ಲಿ," ಎಂದ. ಆಮೇಲೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಗಾಜಿನ ಮೂರು ಅಂತಸ್ತಿನ ಕಟ್ಟಡ. "ಹಿಂಗ ಕಾಂಪ್ಲೆಕ್ಸ್ ಬರ್ತದ. ಕೆಳಗ ಅಂಗಡಿ, ಮ್ಯಾಲ ಯಾತ್ರಿ ನಿವಾಸ. ಮಂದಿ ಇಳ್ಕೊಳ್ಳಾಕ ಖೋಲಿ. ಕಟ್ಟೋ ತನಕ ಪಾರ್ಕಿಂಗ್ ಅಷ್ಟ."

"ಎಷ್ಟು ಖೋಲಿ?"

ದಿಲೀಪ ಚಿತ್ರವನ್ನು ದೊಡ್ಡದು ಮಾಡಿ ಎಣಿಸುವಂತೆ ಮಾಡಿದ. "ಹನ್ನೆರಡರ ಮ್ಯಾಲ ಅದಾವ. ನಿಮ್ಮನ್ನ ಅಲ್ಲೇ ಇಟ್ಕೊಂತಾರ ಬಿಡ್ರಿ."

ಎರಡೂವರೆ ಅಡಿ ದಪ್ಪದ ಗೋಡೆಗಳು ಬೀಳಲು ನಾಲ್ಕು ದಿನ ಹಿಡಿಯಿತು. ಬಾವಿಯನ್ನು ಕೆಡವಿದ ಗೋಡೆಗಳ ಕಲ್ಲಿನಿಂದಲೇ ತುಂಬಿದರು. ಹೊಸ ಸುಣ್ಣ ಹಚ್ಚಿದ ಕಲ್ಲುಗಳು ಎಲ್ಲವುಗಳಿಗಿಂತ ಮೇಲೆ ಎದ್ದು ಕಾಣುತ್ತಿದ್ದವು. ಐದನೆಯ ದಿನ ಜಾಗ ಮಟ್ಟಸವಾಯಿತು, ಮುರಂ ಮಣ್ಣು ಬಿತ್ತು, ಗಾಡಿಗಳು ಬಂದು ನಿಂತವು. ಬಜಾರಿನವರಿಗೆ ಅನುಕೂಲವೇ ಆಯಿತು. ಹಬ್ಬದ ದಿನಗಳಲ್ಲಿ ರಸ್ತೆ ಕಟ್ಟಿಕೊಳ್ಳುವುದು ನಿಂತಿತು. ಕಲ್ಯಾಣಪ್ಪನ ಅಂಗಡಿಗೆ ಪಂಕ್ಚರು ಹೆಚ್ಚಿದವು. ಅವನು ಅದನ್ನು ಬಾಬುಮಿಯಾರ ಮುಂದೆ ಹೇಳುತ್ತಿರಲಿಲ್ಲ, ಅವರಿಗೆ ಕಾಣುತ್ತಿತ್ತು. ರಾತ್ರಿ ಮಲಗಲು ತನ್ನ ಅಂಗಡಿಯ ಹಿಂದಿನ ತಗಡಿನ ಗೂಡು ಬಿಟ್ಟುಕೊಟ್ಟಿದ್ದ.

ಪಾರ್ಕಿಂಗಿನಲ್ಲಿ ಚೀಟಿ ಕೊಡುವ ಕೆಲಸವನ್ನು ದಿಲೀಪ ಬಾಬುಮಿಯಾಗೇ ಕೊಟ್ಟ. ರಶೀದಾಬೇಗಂ ಫೋನಿನಲ್ಲಿ ಬೈದಳು. "ಭಾಯಿಜಾನ್, ಈಗಂತೂ ಛಾವಣಿನೂ ಇಲ್ಲ. ಇನ್ಯಾರ ಹಾದಿ ಕಾಯಾಕತ್ತೀರಿ?"

"ಮ್ಯಾಲ ಖೋಲಿ ಕಟ್ತಾರಂತ," ಎಂದರು. "ಬುನಾದಿ ಹಾಕೋ ದಿನ ನಾ ಇಲ್ಲಿ ಇರ್ಬೇಕು."

ರಸ್ತೆಯ ಕಡೆ ದೊಡ್ಡ ಬೋರ್ಡು ನಿಂತಿತ್ತು. ದಿಲೀಪನ ಮೊಬೈಲಿನಲ್ಲಿದ್ದ ಗಾಜಿನ ಕಟ್ಟಡದ ಚಿತ್ರವೇ ಅದರ ಮೇಲಿತ್ತು. ಮುಂದೆ ಬಿಳಿ ಬಟ್ಟೆಯ ಜನ ನಡೆದಾಡುತ್ತಿದ್ದರು. ಬಾಬುಮಿಯಾ ಅದರ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಗಾಡಿ ಬಂದರೆ ಎದ್ದು ಹೋಗಿ ಚೀಟಿ ಹರಿದು ಕೊಡಬೇಕು, ಅಷ್ಟೇ ಕೆಲಸ. ಆದರೆ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಯಾವ ಊರು? ಎಲ್ಲಿಗೆ ಹೊಂಟೀರಿ?"

"ಮೊಬೈಲ್ ಅಂಗಡಿಗೆ."

"ಎಷ್ಟು ಹೊತ್ತು ಇರ್ತೀರಿ?"

"ಏ ಚಾಚಾ, ಗಾಡಿ ಹಚ್ಚಲಿಕ್ಕೆ ಬಂದೀನಿ, ಹೆಣ್ಣು ಕೇಳ್ಲಿಕ್ಕೆ ಬಂದಿಲ್ಲ! ಚೀಟಿ ಕೊಡ್ರಿ ಲಗೂನ!"

ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಬಜಾರಿನ ಹುಡುಗರು ಅವರಿಗೆ ಪೊಲೀಸ್ ಚಾಚಾ ಎಂದು ಹೆಸರಿಟ್ಟರು. ಕೆಲವರು ಬೇಕೆಂದೇ ತಮಾಷೆಗೆ, "ಊರು ದುಬೈ, ಹೊಂಟದ್ದು ಲಂಡನ್ನಿಗೆ, ಮೂರು ವರ್ಷ ಇರ್ತೀನಿ" ಎನ್ನುತ್ತಿದ್ದರು. ಬಾಬುಮಿಯಾ ತಲೆ ಆಡಿಸಿ ಚೀಟಿ ಕೊಡುತ್ತಿದ್ದರು. ದಿಲೀಪ ಎರಡು ಸಲ ಹೇಳಿದ ಮೇಲೆ ಅವರು ಕೇಳುವುದನ್ನು ಬಿಟ್ಟರು. ಆಮೇಲೆ ದಿನಕ್ಕೆ ಇನ್ನೂರು ಜನ ಅವರ ಮುಂದೆ ಹಾದು ಹೋಗುತ್ತಿದ್ದರೂ, ಬೆಳಿಗ್ಗೆಯಿಂದ ಸಂಜೆಯ ತನಕ ಅವರ ಬಾಯಿಂದ ಒಂದು ಮಾತೂ ಹೊರಡದ ದಿನಗಳಿದ್ದವು. ಬೀಗ ಹಾಕಿದ ಖೋಲಿಗಳ ನಡುವೆ ಒಬ್ಬರೇ ಇದ್ದಾಗ ಕೂಡ ಹೀಗಾಗಿರಲಿಲ್ಲ. ಆಗ ಅವರು ಗೋಡೆಗಳೊಡನೆಯಾದರೂ ಮಾತಾಡುತ್ತಿದ್ದರು.

ಒಂದು ಮಳೆಗಾಲ ಹೋಯಿತು, ಬೇಸಿಗೆ ಬಂದು ಹೋಯಿತು, ಇನ್ನೊಂದು ಮಳೆಗಾಲ ಬಂತು. ಬೋರ್ಡಿನ ಮೇಲಿನ ಆಕಾಶ ಬಿಳಿಚಿತು. ಯಾರಾದರೂ ಪ್ಯಾಂಟು ಶರ್ಟಿನವರು ಜೀಪಿನಿಂದ ಇಳಿದು ಜಾಗ ನೋಡಿದರೆ ಬಾಬುಮಿಯಾ ಎದ್ದು ನಿಲ್ಲುತ್ತಿದ್ದರು. ಅವರು ಗಾಡಿ ತಿರುಗಿಸಲು ಇಳಿದವರಾಗಿರುತ್ತಿದ್ದರು.

ಹೋದ ನವೆಂಬರಿನ ಒಂದು ರವಿವಾರ ಸುಜಾತಾ ಬಂದಳು. ಈ ನಡುವೆ ಐದಾರು ಸಲ ಬಂದಿದ್ದಳು. ಬಂದಾಗೆಲ್ಲ ಮನೆಯಿಂದ ಎರಡು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದು ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದಳು. ಈ ಸಲ ಬರಿಗೈಯಲ್ಲಿ ಬಂದಿದ್ದಳು. ಇಂಜಿನಿಯರ್ ಆಫೀಸು ಬಿಟ್ಟಿದ್ದೇನೆ ಎಂದಳು. ಬಿಡುವ ಮೊದಲು ಕಮಿಟಿಯ ಫೈಲು ಪೂರ್ತಿ ಓದಿದ್ದಳು.

"ಚಾಚಾ, ನಿಮಗ ಒಂದು ಮಾತು ಹೇಳ್ಬೇಕು. ಈ ಸಲ ನೆಟ್ಟಗ ಹೇಳ್ತೀನಿ."

"ಹೇಳು ಬೇಟಿ."

"ಕಾಂಪ್ಲೆಕ್ಸ್ ಕಟ್ಟಂಗಿಲ್ರಿ."

ಒಂದು ಮಾತಿಗೆ ಎರಡು ಅರ್ಥವಿರಬಹುದೆಂದು ಬಾಬುಮಿಯಾ ಕಲಿತಿದ್ದರು. "ಈ ವರ್ಷ ಕಟ್ಟಂಗಿಲ್ಲ ಅಂತೀಯೋ?"

"ಈ ವರ್ಷ ಅಲ್ರಿ. ಎಂದೂ ಕಟ್ಟಂಗಿಲ್ಲ. ಪಾರ್ಕಿಂಗ್ ಹಂಗ ಇರ್ತದ. ಕಮಿಟಿಯವರು ಹಂಗ ಬರ್ದು ಸಹಿ ಮಾಡ್ಯಾರ. ಆ ಬೋರ್ಡು ಸುಮ್ಮ ನಿಂತದ, ಯಾರೂ ತಗ್ದಿಲ್ಲ ಅಷ್ಟ."

"ಮ್ಯಾಲಿನ ಖೋಲಿ?"

"ಇಲ್ರಿ. ಒಂದೂ ಇಲ್ಲ."

ಒಬ್ಬ ಹೆಂಗಸು ಸ್ಕೂಟರ್ ತಂದು ನಿಲ್ಲಿಸಿದಳು. ಬಾಬುಮಿಯಾ ಎದ್ದು ಹೋಗಿ ಚೀಟಿ ಕೊಟ್ಟು ಬಂದು ಕೂತರು. ಸುಜಾತಾ ಅತ್ತಳು, ಅವರು ಅಳಲಿಲ್ಲ. ಇಬ್ಬರಿಗೂ ಚಹಾ ತರಿಸಿದರು. ಅವಳು ಹೊರಡುವಾಗ ಹೇಳಿದರು: "ಚಲೋ ಮಾಡ್ದಿ ಬೇಟಿ, ಬಂದು ಹೇಳ್ದಿ. ಇಲ್ಲಂದ್ರ ಕುಂತೇ ಇರ್ತಿದ್ದೆ."

ಮರುದಿನ ಅವರು ಚೀಟಿಯ ಕಟ್ಟನ್ನು ದಿಲೀಪನಿಗೆ ಕೊಟ್ಟರು. ಹದಿನಾಲ್ಕು ಕೌದಿಗಳಲ್ಲಿ ಒಂದನ್ನು ಇಟ್ಟುಕೊಂಡು ಉಳಿದವನ್ನು ಹಂಚಿಬಿಡೆಂದು ಮಾಳಮ್ಮನಿಗೆ ಹೇಳಿದರು. ಎಲ್ಲಿಗೆ ಹೊರಟಿ ಎಂದು ಕಲ್ಯಾಣಪ್ಪ ಕೇಳಿದ. ವಾಡಿಗೆ ಎಂದರು. ಎಷ್ಟು ದಿನ ಎಂದು ಕೇಳಲು ಅವನಿಗೆ ಬಾಯಿ ಬರಲಿಲ್ಲ.

ಬಾಬುಮಿಯಾಗೆ ಈಗ ಅರವತ್ತೈದು. ವಾಡಿಯಲ್ಲಿ ತಂಗಿಯ ಮನೆಯ ಹಿಂದಿನ ಖೋಲಿಯಲ್ಲಿರುತ್ತಾರೆ. ದಿನಾ ಬೆಳಿಗ್ಗೆ ಟಂಟಂ ಆಟೋ ಹತ್ತಿ ಭಂಕೂರದ ಹತ್ತಿರದ ಒಂದು ಕಲ್ಲಿನ ಪಾಲಿಶ್ ಯಾರ್ಡಿಗೆ ಬರುತ್ತಾರೆ. ಹೊರ ಊರುಗಳಿಗೆ ಹೋಗುವ ಫರಸಿಗಳನ್ನು ಲಾರಿಗೆ ಹೇರುವಾಗ, ಒಂದಕ್ಕೊಂದು ತಾಗಿ ಒಡೆಯದಂತೆ ನಡುವೆ ಹುಲ್ಲು ಇಡುವುದು ಅವರ ಕೆಲಸ. ಮಧ್ಯಾಹ್ನ ಯಾರ್ಡಿನ ಒಂದು ಬದಿಗೆ ಕೂತು ಒಬ್ಬರೇ ಉಣ್ಣುತ್ತಾರೆ. ಶುಕ್ರವಾರ ಅರ್ಧ ದಿನ ರಜೆ.